ತಣ್ಣನೆ ಅನ್ನದ ಚರಿತ್ರೆ: ಉಡುಪಿ ಹೋಟೆಲಿಗೆ ಫ್ರೈಡ್ ರೈಸ್ ಹೇಗೆ ಬಂತು?

ಐರೋಲಿಯಲ್ಲೋ ಘನ್ಸೋಲಿಯಲ್ಲೋ ಆಫೀಸು, ಡೊಂಬಿವಲಿ ಇಲ್ಲಾ ಕಲ್ಯಾಣದಲ್ಲಿ ಬಾಡಿಗೆ ಮನೆ. ರಾತ್ರಿ ಒಂಬತ್ತೂವರೆಗೆ ಲೋಕಲ್ ಇಳಿದು ಏನಾದ್ರೂ ಬೇಯಿಸ್ಕೊಂಡು ತಿನ್ನಬೇಕು. ಇವತ್ತಿನ ಮಾತು ಅಂಥವರಿಗೆ. ಕುಕ್ಕರ್‌ನಿಂದ ಇಳಿಸಿದ ಬಿಸಿ ಅನ್ನವನ್ನೇ ಬಾಣಲೆಗೆ ಹಾಕಿ, ಸೋಯಾ ಸಾಸ್ ಸುರಿದು, ಕೊನೆಗೆ ಕಂದು ಬಣ್ಣದ ಮುದ್ದೆ ತಿಂದವರು ಎಷ್ಟು ಜನ ಇದ್ದೀರಿ? ಎಂಟೆಕ್ ಮುಗಿಸಿ ಇಲ್ಲಿಗೆ ಬಂದ ಮೊದಲ ವರ್ಷ ನಾನು ತಿಂದದ್ದಕ್ಕೆ ಲೆಕ್ಕವಿಲ್ಲ.

ತಪ್ಪು ತೋರಿಸಿದವರು ನನ್ನ ಸೋದರಮಾವ. ಕುಂದಾಪುರದ ಕಡೆಯವರು. ಎಂಬತ್ತರ ದಶಕದಲ್ಲಿ ಠಾಣೆಯ ಒಂದು ಉಡುಪಿ ಹೋಟೆಲಿಗೆ ಕ್ಲೀನರ್ ಆಗಿ ಸೇರಿ, ಚೈನೀಸ್ ಕೌಂಟರ್ ತನಕ ಏರಿದವರು. "ಬಿಸಿ ಅನ್ನ ಹಾಕುಕಾಗ ಮಾರಾಯ" ಅಂದ್ರು, ಅಷ್ಟೇ. ಇಡ್ಲಿ ಮಾರೋಕೆ ಬಂದವರ ಹೋಟೆಲಿಗೆ ಈ ಚೈನೀಸ್ ಕೌಂಟರ್ ಬಂದದ್ದಾದ್ರೂ ಹೇಗೆ ಅನ್ನೋ ಪ್ರಶ್ನೆ ನನಗೆ ಹುಟ್ಟಿದ್ದು ಆಗ.

ಕಥೆ ಕೊಲ್ಕತ್ತಾದಿಂದ ಶುರು. ಚೀನೀಯರು ಅಲ್ಲಿ ನೆಲೆ ನಿಂತು ಇನ್ನೂರು ವರ್ಷ ದಾಟಿದೆ. 1962ರ ಯುದ್ಧ ಬಂತು ನೋಡಿ, ಈ ದೇಶದಲ್ಲೇ ಹುಟ್ಟಿ ಬೆಳೆದವರೂ ರಾತ್ರೋರಾತ್ರಿ ಶತ್ರುಗಳಾದರು. ಸುಮಾರು 3,000 ಜನರನ್ನು ರಾಜಸ್ಥಾನದ ದೇವಳಿ ಶಿಬಿರಕ್ಕೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಅಸ್ಸಾಂ, ಬಂಗಾಳದ ಕಡೆಯವರು. ಬಿಡುಗಡೆಯಾದ ಮೇಲೆ ಎಷ್ಟೋ ಮಂದಿ ದೇಶವನ್ನೇ ಬಿಟ್ಟರು. ಉಳಿದವರಿಗೆ ಆಸರೆಯಾದ ಕಸುಬುಗಳಲ್ಲಿ ಅಡುಗೆಯೂ ಒಂದು.

ಇತ್ತ ಮುಂಬೈಯಲ್ಲಿ ನಮ್ಮವರು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಊಟದ ಹೋಟೆಲು ತೆರೆದದ್ದು ನಿಮಗೆ ಗೊತ್ತಿರುತ್ತೆ. 1966ರಲ್ಲಿ ಶಿವಸೇನೆ ಹುಟ್ಟಿತು, ದಕ್ಷಿಣದವರ ವಿರುದ್ಧ ಚಳವಳಿ ಎದ್ದಿತು, ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದವು. ಮಾವ ಕೆಲಸಕ್ಕೆ ಸೇರಿದಾಗಲೂ ಹಳೇ ಸಪ್ಲೈಯರ್‌ಗಳು ಗಾಜು ಒಡೆದ ದಿನಗಳ ಕಥೆ ಹೇಳ್ತಿದ್ರಂತೆ. ಅಂದ್ರೆ, ಒಂದೇ ದಶಕದಲ್ಲಿ ಎರಡು ಊರುಗಳಲ್ಲಿ ಎರಡು ಅಡುಗೆಮನೆಗಳಿಗೆ "ನೀವು ಹೊರಗಿನವರು" ಅನ್ನೋ ಮಾತು ಬಿತ್ತು. ದೇವಳಿಗೂ ಒಡೆದ ಗಾಜಿಗೂ ಸಮ ಮಾಡ್ತಾ ಇಲ್ಲ, ತೂಕ ಬೇರೆ ಬೇರೆ. ಆದರೂ ನಂಟು ಕಾಣುತ್ತೆ.

ಕೊಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಮುಂಬೈಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿಗೆ ಸೋಯಾ ಸಾಸ್ ಸೇರಿಸಿ ಚಿಕನ್ ಮಂಚೂರಿಯನ್ ಮಾಡಿದವರು ಇವರೇ ಅಂತಾರೆ. ಮುಂದೆ ಅದು ಶ್ರೀಮಂತರ ಮೇಜಿನಿಂದ ಬೀದಿಗೆ ಇಳಿಯಿತು, ಅಲ್ಲಿಂದ ಉಡುಪಿ ಹೋಟೆಲಿನ ಮೆನುವಿಗೆ. ಕೋಳಿ ಹೋಗಿ ಗೋಬಿ ಬಂತು. ಫ್ರೈಡ್ ರೈಸ್‌ನಿಂದ ಮೊಟ್ಟೆ ಹೋಗಿ ಬೀನ್ಸ್, ಕ್ಯಾರೆಟ್, ಎಲೆಕೋಸು ಉಳಿದವು.

ಹೋಟೆಲಿಗೆ ಇದು ಒಗ್ಗಿದ್ದಕ್ಕೆ ಮಾವ ಹೇಳೋ ಕಾರಣ ಬೇರೆ. ಮಧ್ಯಾಹ್ನದ ಊಟಕ್ಕೆ ಎಷ್ಟು ಜನ ಬರ್ತಾರೆ ಅಂತ ಲೆಕ್ಕ ಸಿಗಲ್ಲ, ಅನ್ನ ಉಳಿಯೋದೇ. ಚಿತ್ರಾನ್ನ ಮಾಡಿದ್ರೆ ಠಾಣೆಯಲ್ಲಿ ಕೊಳ್ಳೋರು ಕಡಿಮೆ, ಅದೇ ಅನ್ನ ಫ್ರೈಡ್ ರೈಸ್ ಆದ್ರೆ ಎರಡು ಪಟ್ಟು ದುಡ್ಡು! ಅದೃಷ್ಟಕ್ಕೆ ವಿಜ್ಞಾನವೂ ಅವರ ಕಡೆಗಿತ್ತು. ಅನ್ನ ತಣಿದಾಗ ಅದರ ಪಿಷ್ಟ ಮತ್ತೆ ಬಿಗಿಯಾಗುತ್ತೆ, ಮೇಲಿನ ತೇವ ಆರುತ್ತೆ, ಅಗುಳು ಅಗುಳಾಗಿ ಹುರಿಯುತ್ತೆ.

ಮನೆಯಲ್ಲಿ ಮಾಡೋದಾದ್ರೆ ಇಲ್ಲಿನ ಕೋಲಮ್ ಅಕ್ಕಿ ಸಾಕು. ವಾಡಾ ಕೋಲಮ್‌ಗೆ 2021ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. 2014ರಲ್ಲಿ ಪಾಲ್ಘರ್ ಜಿಲ್ಲೆ ಆಗೋ ತನಕ ವಾಡಾ ಠಾಣೆ ಜಿಲ್ಲೆಯಲ್ಲೇ ಇತ್ತು. ಕುಕ್ಕರ್ ಬೇಡ, ತುಂಬಾ ನೀರಲ್ಲಿ ಬೇಯಿಸಿ, ಒಂದು ಕೂದಲು ಗಟ್ಟಿ ಇರುವಾಗಲೇ ಬಸಿದು, ತಟ್ಟೆಯಲ್ಲಿ ಹರಡಿ ಫ್ಯಾನ್ ಹಾಕಿ. ಹಬೆ ಹೋದ ಕೂಡಲೇ ಫ್ರಿಜ್ಜಿಗೆ. ರಾತ್ರಿಯಿಡೀ ಹೊರಗೆ ಇಡಬೇಡಿ. ಎಪ್ಪತ್ತರ ದಶಕದಲ್ಲಿ ಬ್ರಿಟನ್ನಿನ ಚೈನೀಸ್ ಅಂಗಡಿಗಳ ಫ್ರೈಡ್ ರೈಸ್ ತಿಂದು ಜನ ವಾಂತಿ ಮಾಡ್ಕೊಂಡಿದ್ರು. ಹೊರಗಿಟ್ಟ ಅನ್ನದಲ್ಲಿ ಬೆಳೆದ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಕಾರಣ. ಮತ್ತೆ ಕುದಿಸಿದ್ರೂ ಅದರ ವಿಷ ಹೋಗಲ್ಲ. ಮರುದಿನ ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಒಂದು ಸಲಕ್ಕೆ ಒಂದೇ ಪ್ಲೇಟಿನಷ್ಟು ಹಾಕಿ. ಮನೆ ಗ್ಯಾಸಿಗೆ ಹೋಟೆಲ್ ಭಟ್ಟಿಯ ಉರಿ ಇಲ್ಲ, ನಾಲ್ಕು ಪ್ಲೇಟ್ ಒಟ್ಟಿಗೆ ಸುರಿದ್ರೆ ಅದು ಹುರಿಯಲ್ಲ, ಬೇಯುತ್ತೆ.

ಶೆಜ್ವಾನ್ ಅಂತ ಇಲ್ಲಿ ಕೆಂಪಗೆ ಮಾಡ್ತಾರಲ್ಲ, ಅದರಲ್ಲಿ ಸಾಮಾನ್ಯವಾಗಿ ಸಿಚುವಾನಿನ ಕಾಳುಮೆಣಸೇ ಇರಲ್ಲ, ಬರೀ ಮೆಣಸಿನಕಾಯಿ, ಬೆಳ್ಳುಳ್ಳಿ. ತಮಾಷೆ ಏನಂದ್ರೆ, ಆ ಕಾಳಿನ ಹತ್ತಿರದ ಸಂಬಂಧಿ ನಮ್ಮ ಕರಾವಳಿಯ ಜುಮ್ಮನಕಾಯಿ, ಮರಾಠಿಯವರ ತಿರ್ಫಳ. ಇಪ್ಪತ್ತು ವರ್ಷ ಶೆಜ್ವಾನ್ ಮಾಡಿದ ಮಾವನಿಗೆ ಇದು ಗೊತ್ತೇ ಇರಲಿಲ್ಲ. ಹೋದ ತಿಂಗಳು ಅವರು ಡೊಂಬಿವಲಿಗೆ ಬಂದಾಗ ಬೀಜ ತೆಗೆದು, ನಾಲ್ಕು ಸಿಪ್ಪೆ ಜಜ್ಜಿ, ಬೆಳ್ಳುಳ್ಳಿ ಜೊತೆ ಎಣ್ಣೆಗೆ ಹಾಕಿ ಮಾಡಿಕೊಟ್ಟೆ. ಒಂದು ತುತ್ತು ತಿಂದು ತಲೆ ಎತ್ತಿದ್ರು.

"ಎಂತದಾ ಇದ್, ಮೀನ್ ಸಾರಾ?"