ಗ್ಯಾರೇಜು: ನಿಲ್ಲಿಸುವ ಜಾಗ, ಮಾಡುವ ಜಾಗ

‘ಗಾಡಿ ಗ್ಯಾರೇಜಿನಲ್ಲಿದೆ’ ಎಂದರೆ ಅದು ರಿಪೇರಿಗೆ ಹೋಗಿದೆ ಎಂದೇ ಕನ್ನಡದಲ್ಲಿ ಅರ್ಥ. ಇದು ತಪ್ಪು ಬಳಕೆ, ಗ್ಯಾರೇಜೆಂದರೆ ಕಾರು ನಿಲ್ಲಿಸುವ ಕೋಣೆ ಎಂದು ತಿದ್ದುವವರಿದ್ದಾರೆ. ಮೂಲವನ್ನಷ್ಟೇ ನೋಡಿದರೆ ಅವರ ಮಾತು ಸರಿ: ಪದ ಹುಟ್ಟಿದ ಫ್ರೆಂಚ್ ಧಾತುವಿಗೆ ಆಸರೆಯಲ್ಲಿ ಇರಿಸು ಎಂಬ ಅರ್ಥ, ಮೋಟಾರು ಬರುವ ಮೊದಲು ಅದು ದೋಣಿಗಳಿಗೂ ಸಲ್ಲುತ್ತಿತ್ತು. ಆದರೆ 20ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಬ್ರಿಟನ್ನಿನಲ್ಲೇ ಅದು ರಿಪೇರಿ ಅಂಗಡಿಯ ಹೆಸರೂ ಆಯಿತು. ನಮ್ಮಲ್ಲಿ ನೆಲೆಯೂರಿದ್ದು ಆ ಅರ್ಥ.

ಅಮೆರಿಕದಲ್ಲಿ ಪದ ಹೆಚ್ಚಾಗಿ ಮನೆಗೇ ಅಂಟಿಕೊಂಡಿತು, ಎಷ್ಟೋ ಕಡೆ ಒಳಗಿನ ಕೆಲಸ ಮಾತ್ರ ಬದಲಾಯಿತು. ಗಟ್ಟಿ ಮೇಜು, ಅದಕ್ಕೆ ಬೋಲ್ಟು ಬಿಗಿದ ವೈಸು, ಡ್ರಿಲ್ಲು, ಗರಗಸ, ಅರ: ಇಷ್ಟು ಸೇರುವಷ್ಟರಲ್ಲಿ ಕಾರಿಗೆ ಜಾಗವಿಲ್ಲ. 1938ರಲ್ಲಿ ಎಚ್‌ಪಿ ಕಂಪನಿಯ ಸ್ಥಾಪಕರಾದ ಬಿಲ್ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್ ಪಾಲೊ ಆಲ್ಟೊದಲ್ಲಿ ಆಡಿಯೊ ಆಸಿಲೇಟರ್ ಎಂಬ ಶಬ್ದ ಪರೀಕ್ಷಾ ಸಾಧನ ಕಟ್ಟಿದ್ದು ಇಂಥದೇ ಗ್ಯಾರೇಜಿನಲ್ಲಿ. ಇಂಥ ಕೆಲಸದ ಜಾಗಕ್ಕೆ ಪರದೇಶಿ ಪದವೇಕೆ, ‘ಕಮ್ಮಟ’ ಇಲ್ಲವೇ ಎನ್ನಬಹುದು. ಇದೆ, ಸೊಗಸಾದ ಪದ. ನಾಣ್ಯ ಅಚ್ಚು ಹಾಕುವ ಟಂಕಸಾಲೆ ಎಂಬುದು ಅದರ ಹಳೆಯ ಅರ್ಥ. ಈಗ ಅದು ಕಥೆ, ಕಾವ್ಯ ಕಲಿಸುವ ಶಿಬಿರಗಳ ಪಾಲಾಗಿದೆ. ‘ಕಾರ್ಯಾಗಾರ’ವೂ ಭಾಷಣದ ಸಭಾಂಗಣ ಸೇರಿದೆ. ಸ್ಪ್ಯಾನರು ಹಿಡಿದು, ಕೈಗೆ ಗ್ರೀಸು ಮೆತ್ತಿಕೊಂಡು ಕೆಲಸ ಮಾಡುವ ಮನೆಮೂಲೆಯನ್ನು ಈ ಹೊತ್ತು ನೇರವಾಗಿ ಕಣ್ಣಿಗೆ ಕಟ್ಟಿಸುವುದು ಗ್ಯಾರೇಜೇ.