ಮಂಜುಗಡ್ಡೆಯಡಿಯ ಬಲೆ: ವಿನ್ನಿಪೆಗ್ ಸರೋವರದ ಚಳಿಗಾಲದ ಮೀನುಗಾರಿಕೆ

ಕೆನಡಾದ ಮ್ಯಾನಿಟೋಬಾ ಪ್ರಾಂತದ ವಿನ್ನಿಪೆಗ್ ಸರೋವರದ ವಿಸ್ತಾರ ಸುಮಾರು 24,500 ಚದರ ಕಿಲೋಮೀಟರ್. ಸರಾಸರಿ ಆಳವಾದರೋ 12 ಮೀಟರ್ ಮಾತ್ರ. ಚಳಿಗಾಲದಲ್ಲಿ ಇದರ ಮೇಲ್ಮೈ ತಿಂಗಳುಗಟ್ಟಲೆ ಹೆಪ್ಪುಗಟ್ಟಿರುತ್ತದೆ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗುವುದರಿಂದ ಗಡ್ಡೆಯು ಮೇಲೆ ತೇಲಿ, ಕೆಳಗೆ ಮೀನುಗಳಿಗೆ ನೆಲೆ ಉಳಿಯುತ್ತದೆ. ಅವುಗಳನ್ನು ಹಿಡಿಯುವ ವಿದ್ಯೆ ಇಲ್ಲಿ ಯಾರದು ಎಂಬ ಪ್ರಶ್ನೆ ಸರಳವಾದುದಲ್ಲ.

ಇಲ್ಲಿಯ ಮೀನುಗಾರಿಕೆಯ ಚರಿತ್ರೆಯನ್ನು 1875ರ ಅಕ್ಟೋಬರ್ 21ರಂದು ಪಶ್ಚಿಮ ದಡದಲ್ಲಿ ಇಳಿದ ಐಸ್‌ಲೆಂಡಿನ ವಲಸಿಗರಿಂದ ಆರಂಭಿಸುವ ರೂಢಿಯುಂಟು. ಗಿಮ್ಲಿ ಎಂಬ ಊರನ್ನು ಕಟ್ಟಿದವರು ಅವರೇ. ಆದರೆ ಅವರು ಬಲ್ಲದ್ದು ಕಡಲನ್ನು. ತಂದ ಬಲೆಗಳ ಕಣ್ಣು ಸರೋವರದ ಮೀನಿಗೆ ದೊಡ್ಡದಾಗಿತ್ತು. ಹೆಪ್ಪುಗಟ್ಟಿದ ನೀರಿನಡಿ ಬಲೆ ಹಾಯಿಸುವ ಅಭ್ಯಾಸವೂ ಇರಲಿಲ್ಲ. ಆ ವಿದ್ಯೆ ಕ್ರೀ ಹಾಗೂ ಅನಿಶಿನಾಬೆ ಜನರಲ್ಲಿ ಬಹಳ ಹಿಂದಿನಿಂದಲೂ ಇತ್ತು.

1876ರ ಶರತ್ಕಾಲದಲ್ಲಿ ಹಬ್ಬಿದ ಸಿಡುಬು ನೂರರಷ್ಟು ವಲಸಿಗರನ್ನು ಬಲಿತೆಗೆದುಕೊಂಡಿತು. ಸ್ಯಾಂಡಿಬಾರ್‌ನ ಮೂಲನಿವಾಸಿಗಳ ನೆಲೆಯಂತೂ ನಾಶವೇ ಆಯಿತು. ಹೊಸಬರಿಗೆ ನೆರವಾಗಿದ್ದ ಜಾನ್ ರ್‍ಯಾಮ್ಸೆ ತನ್ನ ಹೆಂಡತಿ ಬೆಟ್ಸಿಯನ್ನು ಕಳೆದುಕೊಂಡು, ಆಕೆಯ ಸಮಾಧಿಗೆ ಅಮೃತಶಿಲೆಯ ಫಲಕ ತಂದು ನಿಲ್ಲಿಸಿದನು. ಕೆರೆಯನ್ನು ಬಲ್ಲವರು ದಡ ಕಳೆದುಕೊಂಡ ಈ ಸಂಗತಿಯನ್ನು ಬಿಟ್ಟು ಇಲ್ಲಿಯ ಮೀನುಗಾರಿಕೆಯ ಏಳಿಗೆಯನ್ನು ಹೇಳುವುದು ಅರ್ಧ ಚರಿತ್ರೆಯಾದೀತು.

ಬಲೆ ಹಾಯಿಸುವ ಹಳೆಯ ಕ್ರಮ ಶ್ರಮದ್ದು. ಗಡ್ಡೆಯಲ್ಲಿ ಸಾಲಾಗಿ ತೂತುಗಳನ್ನು ಕಡಿದು, ಹಗ್ಗ ಕಟ್ಟಿದ ಉದ್ದನೆಯ ಗಳುವನ್ನು ಒಂದರಿಂದ ಇನ್ನೊಂದಕ್ಕೆ ತಳ್ಳುತ್ತ ಹೋಗಬೇಕು. ಬಳಿಕ ಆ ಹಗ್ಗದಿಂದ ಬಲೆಯನ್ನು ಎಳೆಯಬೇಕು. 20ನೇ ಶತಮಾನದ ಮೊದಲ ದಶಕಗಳಲ್ಲಿ ಬಳಕೆಗೆ ಬಂದ 'ಜಿಗ್ಗರ್' ಈ ತೂತುಗಳ ಸಾಲನ್ನು ತಪ್ಪಿಸಿತು. ಅದು ನಡುವೆ ಸೀಳುಳ್ಳ ಒಂದು ಹಲಗೆ. ಅದಕ್ಕೆ ಕಬ್ಬಿಣದ ತೋಳು. ನೀರಿಗಿಳಿಸಿದಾಗ ಹಲಗೆ ತೇಲಿ ಗಡ್ಡೆಯ ತಳಕ್ಕೆ ಅಂಟುತ್ತದೆ. ಹಗ್ಗ ಜಗ್ಗಿದಂತೆಲ್ಲ ತೋಳು ಗಡ್ಡೆಯನ್ನು ಒದ್ದು ಹಲಗೆಯನ್ನು ಮುಂದಕ್ಕೆ ದೂಡುತ್ತದೆ. ಮೇಲೆ ನಡೆಯುವ ಜೊತೆಗಾರನು ಒಳಗಿನ ಬಡಿತವನ್ನು ಆಲಿಸುತ್ತ ಅದು ನಿಂತ ಸ್ಥಳ ಗುರುತಿಸಿ ಎರಡನೆಯ ತೂತು ಕಡಿಯುತ್ತಾನೆ. ಎರಡು ತೂತುಗಳಿದ್ದರೆ ಸಾಕು. ಮೀನು ಬಿಡಿಸಲು ಒಂದು ತುದಿಯಿಂದ ಬಲೆ ಎಳೆಯುವಾಗ ಇನ್ನೊಂದು ತುದಿಗೆ ಹಗ್ಗ ಕಟ್ಟಿರುತ್ತಾರೆ. ಅದೇ ಹಗ್ಗ ಬಲೆಯನ್ನು ಮತ್ತೆ ಒಳಗೆ ಸೇರಿಸುತ್ತದೆ. ಹೊರಗೆ ಬಂದ ಬಲೆ ಕಡುಚಳಿಯಲ್ಲಿ ಬೇಗನೆ ಸೆಟೆದುಕೊಳ್ಳುವುದರಿಂದ ಕೈ ಚುರುಕಾಗಿರಲೇಬೇಕು. ಗಡ್ಡೆಯ ಬಿರುಕುಗಳನ್ನೂ ಹಿಮ ಮುಚ್ಚಿದ ತೆಳು ಜಾಗಗಳನ್ನೂ ಗುರುತಿಸುವ ಅನುಭವಕ್ಕೆ ಮಾತ್ರ ಯಾವ ಉಪಕರಣವೂ ಬದಲಿಯಾಗಲಿಲ್ಲ.

ಸಾಗಾಣಿಕೆಯಲ್ಲಿ ಕುದುರೆಯ ಜಾರುಬಂಡಿಗಳ ಸ್ಥಾನಕ್ಕೆ ಬೊಂಬಾರ್ಡಿಯರ್ ಹಿಮವಾಹನಗಳು ಬಂದವು. 1969ರಲ್ಲಿ ಸ್ಥಾಪಿತವಾದ ಸಿಹಿನೀರು ಮೀನು ಮಾರಾಟ ನಿಗಮಕ್ಕೆ ಖರೀದಿಯ ಏಕಸ್ವಾಮ್ಯ ದೊರೆಯಿತು. ಮರುವರ್ಷವೇ ಮೀನಿನಲ್ಲಿ ಪಾದರಸ ಕಂಡುಬಂದು ಸರೋವರದ ವಾಣಿಜ್ಯ ಮೀನುಗಾರಿಕೆಯನ್ನು ನಿಲ್ಲಿಸಬೇಕಾಯಿತು. ನಿಷೇಧ ಮುಂದೆ ತೆರವಾಯಿತು. 2017ರ ಡಿಸೆಂಬರ್‌ನಲ್ಲಿ ಮ್ಯಾನಿಟೋಬಾದ ಮೀನುಗಾರರಿಗೆ ತಾವು ಹಿಡಿದುದನ್ನು ಬೇರೆಯವರಿಗೂ ಮಾರುವ ಅವಕಾಶ ದೊರೆಯಿತು.