ಮಕ್ಕಳ ನಿದ್ರಾ ಸಮಸ್ಯೆ: ಚಿಕಿತ್ಸೆಯ ಇತಿಹಾಸ

ರಾತ್ರಿ ಅಳುವ ಕೂಸನ್ನು ತೊಟ್ಟಿಲಲ್ಲಿ ತೂಗುವುದು, ಜೋಗುಳ ಹಾಡುವುದು, ಹೆಗಲಿಗೆ ಹಾಕಿಕೊಂಡು ಮನೆಯೊಳಗೆ ಓಡಾಡುವುದು ಎಲ್ಲ ನಾಡಿನವರಿಗೂ ಗೊತ್ತಿದ್ದ ಉಪಾಯ. ಮದ್ದು ಕೊಟ್ಟು ಮಲಗಿಸುವ ರೂಢಿಯೂ ಹಳೆಯದೇ. ಕ್ರಿ.ಪೂ. ಸುಮಾರು 1550ರ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿ ಮಗುವಿನ ಅಳು ನಿಲ್ಲಿಸಲು ಹೇಳಿರುವ ಮದ್ದಿನ ಗಿಡವನ್ನು ಸಾಮಾನ್ಯವಾಗಿ ಗಸಗಸೆ ಗಿಡವೆಂದೇ ಅರ್ಥೈಸುತ್ತಾರೆ.

ಅಫೀಮು 19ನೇ ಶತಮಾನದಲ್ಲಿ ಅಂಗಡಿಯ ಸರಕಾಯಿತು. ಇಂಗ್ಲೆಂಡಿನಲ್ಲಿ ಕಾಕಂಬಿಗೆ ಅಫೀಮು ಬೆರೆಸಿದ 'ಗಾಡ್‌ಫ್ರೀಸ್ ಕಾರ್ಡಿಯಲ್' ಮನೆಮನೆಗೂ ಹೋಯಿತು. ಅಮೆರಿಕದ ಮೇನ್ ರಾಜ್ಯದ ಬ್ಯಾಂಗರ್‌ನಲ್ಲಿ 1849ರಲ್ಲಿ 'ಮಿಸೆಸ್ ವಿನ್‌ಸ್ಲೋಸ್ ಸೂದಿಂಗ್ ಸಿರಪ್' ಮಾರಾಟಕ್ಕೆ ಬಂತು. ಜಾಹೀರಾತಿನ ಚೀಟಿಗಳಲ್ಲಿ ನಗುವ ತಾಯಿ, ಗುಂಡುಗುಂಡಾದ ಮಗು. ಬಾಟಲಿಯೊಳಗೆ ಔನ್ಸಿಗೆ ಸುಮಾರು 65 ಮಿಲಿಗ್ರಾಂ ಮಾರ್ಫಿನ್. ಮಲಗಿದ ಎಷ್ಟೋ ಮಕ್ಕಳು ಮತ್ತೆ ಏಳಲೇ ಇಲ್ಲ. ಔಷಧದಲ್ಲಿ ಮಾರ್ಫಿನ್ ಇದ್ದರೆ ಚೀಟಿಯ ಮೇಲೆ ಬರೆಯಲೇಬೇಕೆಂದು ಅಲ್ಲಿನ ಕಾನೂನು ಹೇಳಿದ್ದು 1906ರಲ್ಲಿ. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಹೆಂಗಸರೂ ಅಫೀಮಿನ 'ಬಾಲಗೋಲಿ' ತಿನ್ನಿಸಿ ಕೂಸುಗಳನ್ನು ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಆ ತಾಯಂದಿರನ್ನು ದೂರುವುದು ಅನ್ಯಾಯ. ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಪಾಳಿಗೆ ಹೋಗದಿದ್ದರೆ ಕೂಲಿಯಿರಲಿಲ್ಲ.

ಅಫೀಮಿನ ನಂತರ ಕ್ಲೋರಲ್ ಹೈಡ್ರೇಟ್, ಬ್ರೋಮೈಡ್, ಬಾರ್ಬಿಟ್ಯುರೇಟ್‌ಗಳು ಬಂದವು. ಪಶ್ಚಿಮ ಜರ್ಮನಿಯಲ್ಲಿ 1957ರಿಂದ ವೈದ್ಯರ ಚೀಟಿಯಿಲ್ಲದೆ ಸಿಗುತ್ತಿದ್ದ ಥಾಲಿಡೊಮೈಡನ್ನು ಮಕ್ಕಳನ್ನು ಮಲಗಿಸಲೂ ಕೊಡುತ್ತಿದ್ದರು. ಬಸುರಿಯರು ನುಂಗಿದರೆ ಹುಟ್ಟುವ ಮಗುವಿನ ಕೈಕಾಲು ಊನವಾಗುತ್ತದೆಂದು ತಿಳಿದ ಮೇಲೆ, 1961ರಲ್ಲಿ ಅದನ್ನು ಅಲ್ಲಿನ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ನೆಗಡಿ, ಅಲರ್ಜಿಗೆ ಕೊಡುವ ಪ್ರೊಮೆಥಜಿನ್ ಕೂಡ ನಿದ್ದೆಯ ಮದ್ದಾಗಿ ಬಳಕೆಯಾಯಿತು. ಉಸಿರಾಟ ಕುಗ್ಗುವ ಅಪಾಯದಿಂದಾಗಿ ಎರಡು ವರ್ಷದೊಳಗಿನವರಿಗೆ ಕೊಡಕೂಡದೆಂದು 2004ರಲ್ಲಿ ಅಮೆರಿಕ ಕಟ್ಟೆಚ್ಚರಿಕೆ ನೀಡಿತು.

ಔಷಧವಿಲ್ಲದ ದಾರಿಗೆ ವೈಜ್ಞಾನಿಕ ರೂಪ ಬಂದದ್ದು ಒಂದೇ ಮಗುವಿನ ಕಥೆಯಿಂದ. ಮನೋವಿಜ್ಞಾನಿ ಸಿ. ಡಿ. ವಿಲಿಯಮ್ಸ್ 1959ರಲ್ಲಿ ವರದಿ ಮಾಡಿದ ಸುಮಾರು 21 ತಿಂಗಳ ಗಂಡುಮಗು ಬಹುಕಾಲ ಕಾಯಿಲೆಯಲ್ಲಿದ್ದು ಚೇತರಿಸಿಕೊಂಡಿತ್ತು. ದೊಡ್ಡವರು ಪಕ್ಕದಲ್ಲಿ ಕೂರದಿದ್ದರೆ ರಂಪ ಮಾಡುತ್ತಿತ್ತು. ಮುದ್ದಿಸಿ, ಮಲಗಿಸಿ, ಬಾಗಿಲು ಹಾಕಿಕೊಂಡು ಬಂದು ಮತ್ತೆ ಒಳಗೆ ಹೋಗದಿರಲು ಮನೆಯವರು ನಿಶ್ಚಯಿಸಿದರು. ಮೊದಲ ಸಲ 45 ನಿಮಿಷ ಅಳು. ಹತ್ತನೆಯ ಸಲಕ್ಕೆ ಮಗು ನಗುತ್ತಲೇ ಬೀಳ್ಕೊಟ್ಟಿತು. ವಾರದ ಬಳಿಕ ಚಿಕ್ಕಮ್ಮನೋ ಅತ್ತೆಯೋ ಕರುಣೆಯಿಂದ ಒಮ್ಮೆ ಒಳಗೆ ಹೋದದ್ದೇ ತಡ, ರಂಪ ಮರಳಿತು. ಮತ್ತೆ ಮೊದಲಿನಿಂದ ಅದೇ ಕ್ರಮ ಹಿಡಿಯಬೇಕಾಯಿತು.

ಇಷ್ಟು ಅಳಿಸಲು ಎಲ್ಲ ತಂದೆತಾಯಿಯರಿಗೂ ಮನಸ್ಸು ಬಾರದು, ಬರಬೇಕಾಗಿಯೂ ಇಲ್ಲ. ಬೋಸ್ಟನ್ನಿನ ಮಕ್ಕಳ ವೈದ್ಯ ರಿಚರ್ಡ್ ಫರ್ಬರ್ 1985ರ ತಮ್ಮ ಪುಸ್ತಕದಲ್ಲಿ ಹೇಳಿದ ವಿಧಾನ ಮೃದುವಾದದ್ದು: ಆಗಾಗ ಹೋಗಿ ಸಮಾಧಾನ ಹೇಳಿ ಬರುವುದು, ನಡುವಿನ ಅವಧಿಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುವುದು. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿಗಾಗಿ 2006ರಲ್ಲಿ 52 ಅಧ್ಯಯನಗಳನ್ನು ಪರಿಶೀಲಿಸಿದಾಗ, ಶೇ. 94ರಷ್ಟರಲ್ಲಿ ಇಂಥ ವರ್ತನಾ ವಿಧಾನಗಳು ಫಲ ಕೊಟ್ಟಿದ್ದವು.

ಈಗ ಹೆಚ್ಚು ಮಾತಿನಲ್ಲಿರುವುದು ಮೆಲಟೋನಿನ್. ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ 1958ರಲ್ಲಿ ಬೇರ್ಪಡಿಸಿದ ಈ ಹಾರ್ಮೋನು ಅಮೆರಿಕದಲ್ಲಿ ಪೂರಕ ಆಹಾರವಾಗಿ ಯಾರಿಗೆ ಬೇಕಾದರೂ ಸಿಗುತ್ತದೆ. ಯುರೋಪ್ ಒಕ್ಕೂಟ 2018ರಲ್ಲಿ ಅದರ ನಿಧಾನವಾಗಿ ಕರಗುವ ಮಾತ್ರೆಗೆ ಒಪ್ಪಿಗೆ ಕೊಟ್ಟದ್ದು ಮುಖ್ಯವಾಗಿ ಆಟಿಸಂ ಇರುವ ಮಕ್ಕಳಿಗೆ. ಅದೂ ಮಲಗುವ ಅಭ್ಯಾಸಗಳನ್ನು ತಿದ್ದಿದ ಮೇಲೂ ನಿದ್ದೆ ಸರಿಹೋಗದಿದ್ದರೆ ಮಾತ್ರ.